ಜೊತೆಗೆ ಬಂದವರು

ದೆಹಲಿಯ ಕಿದ್ವಾಯಿ ನಗರದಿಂದ ರಿಂಗ್ ರಸ್ತೆ ದಾಟಿದರೆ, 1956ರಲ್ಲಿ ಶುರುವಾದ ಏಮ್ಸ್ ಆಸ್ಪತ್ರೆ. ನಸುಕಿನಲ್ಲಿ ಅದರ ಹೊರಗಿನ ಫುಟ್‌ಪಾತಿನ ಮೇಲೆ ದೂರದ ಹಳ್ಳಿಗಳವರು ಕಂಬಳಿ ಮಡಚುತ್ತಿರುತ್ತಾರೆ. ರೋಗಿಗೆ ಒಳಗೆ ಹಾಸಿಗೆ. ಜೊತೆಗೆ ಬಂದವರಿಗೆ ಎಕ್ಸ್‌ರೇ ಚೀಲವೇ ತಲೆದಿಂಬು. ಊರಲ್ಲಿ ಬಿಟ್ಟ ಎಮ್ಮೆ, ಕೊಯ್ಲು, ಕೈಸಾಲ, ನೆರೆಮನೆಯ ಮಕ್ಕಳ ಜೊತೆ ಮಲಗಿರುವ ತಮ್ಮ ಮಕ್ಕಳು, ಎಲ್ಲವೂ ಅವರ ಎದೆಯ ಮೇಲೆ. "ರೋಗಿ ಹೇಗಿದ್ದಾರೆ?" ಎನ್ನುತ್ತೇವೆ. "ನೀವು ನಿದ್ದೆ ಮಾಡಿದ್ರಾ?" ಎಂದು ಕೇಳುವುದೇ ಇಲ್ಲ.

ನಮ್ಮ ಹಳ್ಳಿಗಳಲ್ಲೂ ಅಷ್ಟೇ. ಲಕ್ವ ಹೊಡೆದ ಅತ್ತೆಗೆ ಬೆನ್ನುಹುಣ್ಣಾಗದಂತೆ ಎರಡು ಗಂಟೆಗೊಮ್ಮೆ, ರಾತ್ರಿಯೂ, ಮಗ್ಗುಲು ಬದಲಿಸುವ ಸೊಸೆ ತವರಿನ ಜಾತ್ರೆ ನೋಡಿ ಎಷ್ಟು ವರ್ಷವಾಯಿತೋ! ಅವಳಿಗೆ ಹೊಗಳಿಕೆ ಸಾಲದು. ಇವತ್ತು ಮಧ್ಯಾಹ್ನ ಅವಳ ಮನೆಗೆ ಹೋಗಿ ಹೇಳಿ: "ನಾನು ಕೂತಿರ್ತೀನಿ, ನೀನು ಮಲಗವ್ವಾ."