ಚಿಕ್ಕೋಡಿ ರೋಡ್



ನಮ್ಮ ಬೇಡಕಿಹಾಳಕ್ಕೆ ರೈಲಿಲ್ಲ, ನಿಪ್ಪಾಣಿಗೂ ಇಲ್ಲ. ಚಿಕ್ಕೋಡಿಗೆ ಹೆಸರಿನ ಮಟ್ಟಿಗೆ ಉಂಟು. ಲೋಂಡಾ–ಮಿರಜ ಮಾರ್ಗದ ಆ ನಿಲ್ದಾಣದ ಫಲಕದಲ್ಲಿ ‘ಚಿಕ್ಕೋಡಿ ರೋಡ್’ ಎಂದಿದೆ. ಹೊಸಬನು ಇಳಿದು ಊರನ್ನು ಹುಡುಕಿದರೆ ಕಾಣುವುದು ಹೊಲಗಳು; ಪಟ್ಟಣವು ಹಲವು ಮೈಲಿಗಳಾಚೆ. ರೈಲ್ವೆಯವರ ಭಾಷೆಯಲ್ಲಿ ‘ರೋಡ್’ ಎಂದರೆ, ಊರು ಇಲ್ಲಿಲ್ಲ, ಊರಿನ ದಾರಿ ಮಾತ್ರ ಇಲ್ಲಿದೆ ಎಂದರ್ಥ. ಗೋಕಾಕ ರೋಡ್, ಗಾಣಗಾಪುರ ರೋಡ್ ಇವೂ ಇದೇ ಕುಲದವು.

1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಈ ಮಾರ್ಗವನ್ನು ಮೀಟರ್ ಗೇಜಿನಲ್ಲಿ ಹಾಸಿತು. ಇಂದು ಅದು ಬ್ರಾಡ್ ಗೇಜ್. ಹಳಿಯು ಏರುದಿಣ್ಣೆಗಳನ್ನು ಬಳಸಿ ಸಾಗಬೇಕು. ಎಲ್ಲ ಊರುಗಳ ಬಾಗಿಲಿಗೂ ಅದು ಬರಲಾರದು. ಉಳಿದ ದಾರಿ ಅಂದು ಎತ್ತಿನ ಗಾಡಿಯ ಪಾಲು, ಇಂದು ಬಸ್ಸಿನ ಪಾಲು.

ಆ ಉಳಿದ ದಾರಿಯ ಉದ್ದವನ್ನು ನಾನೊಮ್ಮೆ ಅಳೆದಿದ್ದೇನೆ. ಧಾರವಾಡದಲ್ಲಿ ಓದುತ್ತಿದ್ದಾಗ, ತಂದೆಯವರಿಗೆ ಕಾಯಿಲೆಯೆಂದು ತಿಳಿದು ಹೊರಟವನು ನಡುರಾತ್ರಿ ಇಲ್ಲಿಳಿದೆ. ರೈಲು ಹೋಯಿತು, ಬಸ್ಸಿರಲಿಲ್ಲ. ಬೆಳಗಾಗುವವರೆಗೆ ಒಂದು ಬೆಂಚು, ಒಂದು ದೀಪ, ಪಾಯಿಂಟ್ಸ್‌ಮನ್ ಒಬ್ಬರು ಕೊಟ್ಟ ಅರ್ಧ ಲೋಟ ಚಹ. ತಂದೆಯವರು ಆ ಸಲ ಉಳಿದರು. ಆ ದೀಪದ ಋಣ ಇನ್ನೂ ತೀರಿಲ್ಲ.

ಜಪಾನಿನ ಹೊಕ್ಕೈಡೊದಲ್ಲಿ ಕ್ಯೂ-ಶಿರತಾಕಿ ಎಂಬ ಪುಟ್ಟ ನಿಲ್ದಾಣವಿತ್ತು. ಕೊನೆಯ ದಿನಗಳಲ್ಲಿ ಶಾಲಾಬಾಲಿಕೆಯೊಬ್ಬಳು ಅಲ್ಲಿಂದ ರೈಲು ಹತ್ತುತ್ತಿದ್ದಳು. ಪ್ರಯಾಣಿಕರು ತೀರ ಕಡಿಮೆಯಾದುದರಿಂದ 2016ರ ಮಾರ್ಚಿಯಲ್ಲಿ ಅದನ್ನು ಮುಚ್ಚಿದರು. ಲೆಕ್ಕ ಸರಿಯೇ ಇದ್ದೀತು. ಆದರೆ ಟಿಕೆಟ್ಟುಗಳ ಸಂಖ್ಯೆಯೊಂದರಿಂದಲೇ ನಿಲ್ದಾಣದ ಬೆಲೆ ಕಟ್ಟಬಹುದೆ? ಬೇರೆ ಬಾಗಿಲಿಲ್ಲದವನನ್ನು ಕೇಳಿ ನೋಡಬೇಕು.