ಬೆಳ್ಳಿತೆರೆಗೆ ಬಂದ ದಮಾಮಿ

ವಿಶ್ವೇಶ್ವರಪುರಂನ ಸಜ್ಜನರಾವ್ ವೃತ್ತದಿಂದ ಬಸವನಗುಡಿಯತ್ತ ನಡೆದರೆ ಬಿ.ಪಿ. ವಾಡಿಯಾ ರಸ್ತೆ ಸಿಗುತ್ತದೆ. ಅಲ್ಲಿರುವುದು 1945ರಲ್ಲಿ ಹುಟ್ಟಿದ, ಹಳೆಯ ಬೆಂಗಳೂರಿಗರು ‘ವರ್ಲ್ಡ್ ಕಲ್ಚರ್’ ಎಂದು ಕರೆಯುವ ಸಂಸ್ಥೆ. ಉಪನ್ಯಾಸ, ಸಂಗೀತ, ಚಿತ್ರಪ್ರದರ್ಶನ ಎಲ್ಲವೂ ಅಲ್ಲಿ ಸಾರ್ವಜನಿಕರಿಗೆ ತೆರೆದಿವೆ. 1971ರಲ್ಲಿ ಸುಚಿತ್ರ ಫಿಲ್ಮ್ ಸೊಸೈಟಿ ಶುರುವಾದ ಮೇಲೆ, ಹೊರದೇಶದ ಚಿತ್ರ ನೋಡಿ, ದೀಪ ಹತ್ತಿದ ಮೇಲೂ ಎದ್ದುಹೋಗದೆ ಚರ್ಚೆಗೆ ಕೂರುವ ರೂಢಿ ಊರಿನ ಈ ಭಾಗದಲ್ಲಿ ಬೇರೂರಿತು.

ಈ ರೂಢಿ ನಗರಕ್ಕಷ್ಟೇ ಮೀಸಲಾಗಲಿಲ್ಲ. 1973ರಲ್ಲಿ ಕೆ.ವಿ. ಸುಬ್ಬಣ್ಣನವರು ಮಲೆನಾಡಿನ ಹಳ್ಳಿ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದರು. ಪುಣೆಯಿಂದ ಸಿನಿಮಾ ಪ್ರಾಧ್ಯಾಪಕ ಸತೀಶ್ ಬಹಾದೂರ್ ಬಂದು ಚಿತ್ರ ನೋಡುವ ಬಗೆಯನ್ನು ಕಲಿಸಿದರು. ಅಡಿಕೆ ಬೆಳೆಗಾರರು ಜಪಾನಿನ ಕುರೊಸಾವಾರ ‘ರಾಶೊಮಾನ್’ ನೋಡಿ ಸತ್ಯ ಯಾರದೆಂದು ವಾದಿಸಿದರು.

ಮೂಲತಃ ನಾಟಕ ತಂಡವಾದ ಅದೇ ನೀನಾಸಂ 80ರ ದಶಕದಲ್ಲಿ ಯಲ್ಲಾಪುರದ ಮಂಚೀಕೇರಿಗೆ ಹೋಯಿತು. ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಸಿದ್ದಿಗಳು ಚಿನುವ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ಕನ್ನಡದಲ್ಲಿ ನಾಟಕವಾಗಿ ಆಡಿದರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದು, ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದ ಆಫ್ರಿಕನ್ನರ ವಂಶಸ್ಥರು ಇವರು. 2003ರಲ್ಲಷ್ಟೇ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು.

ಇತ್ತ ಸಿದ್ದಿಗಳು ರಂಗವೇರುವ ಹೊತ್ತಿಗೆ, ಹೊರಗೆ ಅವರ ಮೂಲನೆಲ ಆಫ್ರಿಕಾದ ಸಿನಿಮಾ ಆಗಲೇ ತನ್ನ ದನಿ ಕಂಡುಕೊಂಡಿತ್ತು. ಮಾರ್ಸೇಲ್ ಬಂದರಿನಲ್ಲಿ ಹಮಾಲಿ ಮಾಡಿದ್ದ ಸೆನೆಗಲ್‌ನ ಕಾದಂಬರಿಕಾರ ಉಸ್ಮಾನ್ ಸೆಂಬೆನ್, ಓದು ಬಾರದ ತನ್ನ ಜನರಿಗೂ ಕಥೆ ತಲುಪಲೆಂದು ಕ್ಯಾಮೆರಾ ಹಿಡಿದರು. 1966ರ ಅವರ ‘ಬ್ಲ್ಯಾಕ್ ಗರ್ಲ್’ನಲ್ಲಿ ಡಕಾರ್‌ನ ಹುಡುಗಿ ದಿಯುವಾನ ಫ್ರಾನ್ಸಿನ ಮನೆಗೆಲಸಕ್ಕೆ ಹೋಗುತ್ತಾಳೆ. ಆಕೆ ಒಡೆಯರಿಗೆ ಕೊಟ್ಟ ಮರದ ಮುಖವಾಡ ಅಲ್ಲಿನ ಬಿಳಿ ಗೋಡೆಯ ಮೇಲೆ ಒಂಟಿಯಾಗಿ ನೇತಾಡುತ್ತದೆ. ಆ ಒಂದು ದೃಶ್ಯ ಹತ್ತು ಭಾಷಣಗಳಿಗೆ ಸಮ.

ಸಿದ್ದಿಗಳಿಗೂ ಕಡೆಗೆ ಪರದೆ ದಕ್ಕಿತು. ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿ ‘ಪರಮಾತ್ಮ’ದಿಂದ ಮನೆಮಾತಾದರು. 2024ರಲ್ಲಿ ಗೋವಾ ಚಿತ್ರೋತ್ಸವದಲ್ಲಿ ಜಯನ್ ಚೆರಿಯನ್ ನಿರ್ದೇಶನದ ‘ರಿದಮ್ ಆಫ್ ದಮಾಮ್’ ತೆರೆಕಂಡಿತು. ಅಜ್ಜನ ಸಾವಿನ ನಂತರ ಗುಲಾಮಗಿರಿಯ ನೆನಪುಗಳು ಮೈಮೇಲೆ ಬರುವ ಸಿದ್ದಿ ಬಾಲಕನ ಕಥೆ ಅದು. ಎರಡೂ ಬದಿಗೆ ಚರ್ಮ ಬಿಗಿದ, ಸಿದ್ದಿಗಳ ಮರದ ಡೋಲು ದಮಾಮಿಯೇ ಚಿತ್ರದ ಉಸಿರು. ಸಿದ್ದಿಗಳೇ ಅದರ ಪಾತ್ರಧಾರಿಗಳು.

ಬೆಂಗಳೂರಿನ ಚಿತ್ರಸಮಾಜಗಳು ಈ ಚಿತ್ರವನ್ನೂ ‘ಬ್ಲ್ಯಾಕ್ ಗರ್ಲ್’ ಅನ್ನೂ ಒಂದೇ ಸಂಜೆ ತೋರಿಸಲಿ. ನಂತರದ ಚರ್ಚೆಯಲ್ಲಿ ಮೊದಲ ಮಾತು ಯಲ್ಲಾಪುರ, ಹಳಿಯಾಳ, ಮುಂಡಗೋಡಿನಿಂದ ಬಂದ ಸಿದ್ದಿಗಳದ್ದಾಗಲಿ.