ಅಜ್ಜನ ಚೇತಕ್‌ಗೆ ಗಾಳಿ ಆಡಲಿ ಬಿಡ್ರಿ

ತಗಡಿನ ಶೆಡ್‌ನಾಗ ನಿಂತಿದ್ದ ಅಜ್ಜನ ಬಜಾಜ್ ಚೇತಕ್ ಹೊರಗ ತೆಗೆದು ರೀಲ್ಸ್ ಮಾಡೋದು ಈಗ ಜೋರಾಗಿದೆ. ಮಾಡ್ರಿ, ತಪ್ಪಿಲ್ಲ. ಆದರೆ ಮೇ ತಿಂಗಳ ಬಿಸಿಲಿನಾಗ ಇಬ್ಬರು ಕೂತು ಕಲಬುರಗಿಯಿಂದ ಕಮಲಾಪುರಕ್ಕೆ ಹೊರಡೋ ಮೊದಲು ಇದನ್ನ ಕೇಳ್ರಿ.

ಟೂ-ಸ್ಟ್ರೋಕ್ ಎಂಜಿನ್ ಮಿತಿ ಮೀರಿ ಕಾದರೆ ಪಿಸ್ಟನ್ ಹಿಗ್ಗಿ ಸಿಲಿಂಡರ್‌ಗೆ ಕಚ್ಚಿಕೊಳ್ಳುತ್ತೆ. ಇದಕ್ಕೇ ‘ಸೀಜ್’ ಅನ್ನೋದು. ಹಿಂದಿನ ಗಾಲಿ ಒಮ್ಮೆಲೇ ಲಾಕ್ ಆಗುತ್ತೆ. ಹೆದ್ದಾರಿಯಲ್ಲಿ ಹಿಂದೆ ಲಾರಿ ಬರ್ತಿದ್ರೆ ಏನಾಗುತ್ತೆ ಅಂತ ನಾನು ಹೇಳಬೇಕಿಲ್ಲ.

1972ರಲ್ಲಿ ಬಂದ ಚೇತಕ್‌ಗೆ ರೇಡಿಯೇಟರ್ ಇಲ್ಲ, ಕೂಲಂಟ್ ಇಲ್ಲ. ಗಾಳಿಯೇ ಎಲ್ಲ. ಬುಲೆಟ್, ಮೈಸೂರಿನ ಯೆಜ್ಡಿ ಇವಕ್ಕೆ ಓಡುವಾಗ ಎದುರುಗಾಳಿ ಸಿಗುತ್ತೆ. ಸೂಪರ್ ಮಾರ್ಕೆಟ್ ಟ್ರಾಫಿಕ್‌ನಾಗ ನಿಂತರೆ ಅದೂ ಇಲ್ಲ. ಚೇತಕ್ ಎಂಜಿನ್ ಮಾತ್ರ ಪಕ್ಕದ ಡೂಮ್ ಒಳಗೆ ಕೂತಿದೆ. ಅದಕ್ಕೇ ಮ್ಯಾಗ್ನೆಟ್ ಮೇಲೇ ಫ್ಯಾನ್ ರೆಕ್ಕೆ ಇಟ್ಟಿದ್ದಾರೆ. ಎಂಜಿನ್ ತಿರುಗಿದಷ್ಟೂ ಫ್ಯಾನ್ ಗಾಳಿ ಎಳೆದು, ಕೌಲ್ ಅನ್ನೋ ಮುಚ್ಚಳದ ಮೂಲಕ ಸಿಲಿಂಡರ್ ಫಿನ್‌ಗಳ ನಡುವೆ ನುಗ್ಗಿಸುತ್ತೆ.

ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲೂ ಇದೇ ಉಪಾಯ. ಅಲ್ಲಿ ಫ್ಯಾನ್ ತಿರುಗಿಸೋದು ಬೆಲ್ಟ್. ಬೆಲ್ಟ್ ಹರಿದ್ರೆ ಚಾರ್ಜಿಂಗ್ ಹೋಗುತ್ತೆ, ತಂಪೂ ಹೋಗುತ್ತೆ. ಕೆಂಪು ದೀಪ ಹತ್ತಿದ ಕೂಡಲೇ ನಿಲ್ಲಿಸಬೇಕು.

ಈಗ ಕೆಲಸದ ಮಾತು. ‘ಕೌಲ್ ತೆಗೆದರೆ ಗಾಳಿ ಚೆನ್ನಾಗಿ ಆಡುತ್ತೆ’ ಅಂತ ಯಾರಾದರೂ ಅಂದ್ರೆ ನಂಬಬೇಡ್ರಿ. ಕೌಲ್ ಇಲ್ಲದಿದ್ರೆ ಗಾಳಿ ಸಿಲಿಂಡರ್ ಮುಟ್ಟದೇ ಆಚೀಚೆ ಹೋಗುತ್ತೆ. ಬಿರುಕು ಬಿಟ್ಟಿದ್ರೆ ಬದಲಿಸಿ, ಬೋಲ್ಟ್ ಎಲ್ಲಾ ಬಿಗಿ ಮಾಡಿ.

ನಮ್ಮದು ಎರೆಮಣ್ಣಿನ ಸೀಮೆ. ಆ ಕೆಸರು ಎಣ್ಣೆ ಜಿಡ್ಡಿನ ಜೊತೆ ಫಿನ್‌ಗಳ ಸಂದಿಯಲ್ಲಿ ಒಣಗಿದ್ರೆ ಎಂಜಿನ್‌ಗೆ ಕಂಬಳಿ ಹೊದಿಸಿದಂಗ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೌಲ್ ಬಿಚ್ಚಿ, ಸೀಮೆಎಣ್ಣೆ ಇಲ್ಲಾ ಡೀಸೆಲ್ ಹಚ್ಚಿ ಬ್ರಷ್‌ನಿಂದ ಉಜ್ಜಿ, ಒರೆಸಿ ಒಣಗಿಸಿ. ಫ್ಯಾನ್ ರೆಕ್ಕೆ ಮುರಿದಿದೆಯಾ, ಗಾಳಿ ಒಳಗೆ ಹೋಗೋ ಜಾಲರಿಯಲ್ಲಿ ಇಲಿ ಗೂಡು ಕಟ್ಟಿದೆಯಾ ನೋಡಿ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಇದು ಮಾಮೂಲಿ.

ಪೆಟ್ರೋಲ್‌ಗೆ ಟೂ-ಟಿ ಆಯಿಲ್ ಮ್ಯಾನುವಲ್ ಹೇಳಿದಷ್ಟೇ ಹಾಕಿ. ಹೊಗೆ ಬರುತ್ತೆ ಅಂತ ಕಡಿಮೆ ಮಾಡಿದ್ರೆ ಪಿಸ್ಟನ್ ಒಣಗುತ್ತೆ. ಪ್ಲಗ್ ಬಿಚ್ಚಿ ಬಣ್ಣ ನೋಡಿ: ತಿಳಿ ಕಂದು ಇದ್ರೆ ಆರಾಮ. ಬೆಳ್ಳಗೆ ಸುಟ್ಟಂಗಿದ್ರೆ ಎಂಜಿನ್ ಕಾಯ್ತಿರಬಹುದು. ಕಾರ್ಬೊರೇಟರ್ ಜೆಟ್, ಗ್ಯಾಸ್ಕೆಟ್, ಟೈಮಿಂಗ್ ತೋರಿಸಿ.

ದಾರಿಯಲ್ಲಿ ಪಿಕಪ್ ಬಿತ್ತು, ಟಣಟಣ ಸದ್ದು ಬಂತು ಅಂದ್ರೆ ಆಕ್ಸಿಲರೇಟರ್ ಬಿಟ್ಟು ಕ್ಲಚ್ ಹಿಡಿದು ಬದಿಗೆ ಬನ್ನಿ. ಎಂಜಿನ್ ಬಂದ್ ಮಾಡಿ. ಕಾದ ಲೋಹಕ್ಕೆ ನೀರು ಸುರಿಯಬೇಡಿ, ಬಿರುಕು ಬಿಡಬಹುದು. ತಾನಾಗೇ ತಣಿಯಲಿ. ಆಮೇಲೆ ಕಿಕ್ಕರ್ ಕೈಯಿಂದ ಮೆಲ್ಲಗೆ ಒತ್ತಿ ನೋಡಿ. ಬಿಗಿ ಅನ್ನಿಸಿದ್ರೆ ಒದೀಬೇಡಿ, ಮೆಕ್ಯಾನಿಕ್‌ಗೆ ಫೋನ್ ಹಚ್ಚಿ.

ಬೆಳಿಗ್ಗೆ ಬೇಗ ಹೊರಡಿ, ನಡುವೆ ಒಮ್ಮೆ ನಿಲ್ಲಿಸಿ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ತಿನ್ನೋ ಹೊತ್ತಿಗೆ ಎಂಜಿನ್ನೂ ಉಸಿರಾಡಿಕೊಳ್ಳುತ್ತೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ್ರಿ.